ಅಂಗೈಯಗಲದ ಮರ್ಯಾದೆ

ಹೊಡೆದಾಟದ ಹೆಸರಾಂತ ವಿಡಿಯೊ ಗೇಮ್ ಸರಣಿಯೊಂದನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ ಇಳಿಸಿ, ಕನ್ನಡದಲ್ಲಿ ತರಲು ನಮ್ಮ ಕಂಪನಿ ಒಪ್ಪಿಕೊಂಡಿತ್ತು. ಜಟ್ಟಿಗಳ ಮಾತು ಬರೆಯುವುದು ನನ್ನ ಕೆಲಸ. ಇವತ್ತು ಮಾಲೀಕರು ಆಡಿ ನೋಡಿ ಮೆಚ್ಚಿದರೆ ಆ ಕೆಲಸ ಕಾಯಂ ಆಗುತ್ತಿತ್ತು. ನಾನು ಅವರ ಹುಬ್ಬುಗಳನ್ನೇ ನೋಡುತ್ತಾ ನಿಂತಿದ್ದೆ.

ಮೊದಲ ಸಾಲಿಗೇ ಹುಬ್ಬು ಗಂಟಿಕ್ಕಿತು.

"'ಬಾರೋ, ನೋಡೇಬಿಡೋಣ.' ಏನಮ್ಮ ಇದು? ಮನೆಮಂದಿಯೆಲ್ಲ ಆಡೋ ಆಟ. ಏಕವಚನ ಬೇಡ. ನಮ್ಮ ಕಂಪನಿಗೊಂದು ಮರ್ಯಾದೆ ಇದೆ, ಗೊತ್ತಾಯ್ತಾ ನಿಂಗೆ?"

"ಅವನು ಹೊಡೆಯೋಕೆ ಕರೀತಿದ್ದಾನೆ ಸರ್. ಪರದೆ ಬೇರೆ ಚಿಕ್ಕದು, ಉದ್ದದ ಮಾತು ಹಿಡಿಯಲ್ಲ."

"ನಾನು ಹೇಳಿದಷ್ಟು ಮಾಡು ನೀನು."

ಮಾಡಿದೆ. ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ಮಾಲೀಕರು ಮತ್ತೆ ಆಡಿದರು. 'ದಯವಿಟ್ಟು ಬನ್ನಿ, ತಮ್ಮೊಂದಿಗೆ ಹೊಡೆದಾಡುವ ಅವಕಾಶ ಮಾಡಿಕೊಡಿ' ಎಂಬ ಅಕ್ಷರಗಳು ಅವರ ಜಟ್ಟಿಯನ್ನು ಸೊಂಟದಿಂದ ನೆತ್ತಿಯವರೆಗೆ ಮುಚ್ಚಿಕೊಂಡವು. ಅವು ಸರಿದು ಅವನ ಮುಖ ಕಾಣುವಷ್ಟರಲ್ಲಿ ಎದುರಾಳಿ ಅವನನ್ನು ಕೆಡವಿಯಾಗಿತ್ತು.

"ಯಾಕಮ್ಮ ಬಿದ್ದ ಇವನು?"

ಮಾತನ್ನು ತೂಗಿ ಆಡುವವಳು ನಾನು. ಅದು ಹೇಗೆ ಬಾಯಿಂದ ಜಾರಿತೋ ತಿಳಿಯದು.

"ಮರ್ಯಾದೆ ಕೊಡ್ತಾ ಇದ್ದ ಸರ್."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಮಾಲೀಕರು ನಗಲಿಲ್ಲ. ಯಂತ್ರವನ್ನು ಮೇಜಿನ ಮೇಲಿಟ್ಟು, ಎದ್ದು ನಿಂತು, ನನಗೆ ಕೈಮುಗಿದರು.

"ಮೇಡಂ, ತಾವು ಬೇಜಾರು ಮಾಡ್ಕೋಬಾರದು. ನಾಳೆಯಿಂದ ದಯವಿಟ್ಟು ಬರಬೇಡಿ."