ಛಲೋ ಕಟಗಿ

ಅಂಗಳದ ಸಾಗವಾನಿ ಮೇಜನ್ನು ಉಪ್ಪುಕಾಗದದಿಂದ ತಿಕ್ಕಿ ಮುಗಿಸಿ, ನೀಲಮ್ಮ ಅರ್ಧದವರೆಗೆ ಅಗಸೆ ಎಣ್ಣೆ ಹಚ್ಚಿದ್ದಳು. ಹನ್ನೆರಡು ವರ್ಷದಿಂದ, ಕಲಬುರಗಿಯ ಬೇಸಿಗೆ ಕಾಲಿಡುವ ಮೊದಲು ಇದು ಅವಳ ಎರಡು ದಿನದ ಕೆಲಸ. ಅಷ್ಟರಲ್ಲಿ ಗಂಡ ಪಕ್ಕದ ಮನೆಗೆ ಹೊಸದಾಗಿ ಬಂದವರನ್ನು ಕರೆತಂದು ಮೇಜು ತೋರಿಸಿದ.

“ಹನ್ನೆರಡು ವರ್ಷ ಆತ್ರಿ. ಈ ಬಿಸಲಾಗ ಒಂದು ಬಿರುಕು ತೋರಸ್ರಿ ನೋಡೂಣು!”

“ಏನ್ ಹಚ್ಚತೀರಿ?”

“ಏನೂ ಇಲ್ರಿ. ಆರಿಸಿ ತಂದಾಂವ ನಾನು. ಛಲೋ ಕಟಗಿಗೆ ಏನೂ ಬೇಕಾಗಂಗಿಲ್ಲ.”

“ಮತ್ತ ವೈನಿಯವರು ಎಣ್ಣಿ ಹಚ್ಚಾಕತ್ತಾರಲ್ರೀ?”

“ಆಕಿಗೆ ಸುಮ್ನ ಕೂಡೂದು ಬರಂಗಿಲ್ರಿ. ಏನರೆ ಒರಸ್ಕೋತ ಇರ್ತಾಳ.”

ಗಂಡಸರಿಬ್ಬರೂ ನಕ್ಕರು. ನೀಲಮ್ಮನೂ ನಕ್ಕು, ಎಣ್ಣೆ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುವಿ, ಚಹಾ ಇಡಲು ಎದ್ದಳು. ಗಂಡ ದಿನವೂ ಕೂರುವ ಬದಿಯ, ಇನ್ನೂ ಎಣ್ಣೆ ಕಾಣದ ಅರ್ಧ, ಈ ಬೇಸಿಗೆಯನ್ನು ಬರೀ ಛಲೋ ಕಟಗಿಯಾಗಿಯೇ ಕಳೆಯಲಿ.