ಎತ್ತಿದ ಕುರ್ಚಿ

ಮೊದಲ ಕುರ್ಚಿ ಷಣ್ಮುಖಪ್ಪನವರ ಭುಜಕ್ಕೆ ಬಡಿದು ಮಣ್ಣಿಗೆ ಬಿತ್ತು. ಎರಡನೆಯದು ಬರುವಷ್ಟರಲ್ಲಿ ಜನ ಅಂಕಣದ ಸುತ್ತಲಿನ ಹಗ್ಗ ಕಿತ್ತು ಒಳಗೆ ನುಗ್ಗಿದ್ದರು.

ಅಜ್ಜಂಪುರದ ಮೈದಾನದಲ್ಲಿ ಕಬಡ್ಡಿ ಫೈನಲ್. ಊರಿನ ತಂಡಕ್ಕೂ ಕಡೂರಿನ ತಂಡಕ್ಕೂ ಒಂದೇ ಅಂಕದ ಅಂತರ. ಕೊನೆಯ ರೈಡಿನಲ್ಲಿ ಅಜ್ಜಂಪುರದ ಆಟಗಾರ ನಾಲ್ವರ ಹಿಡಿತದಲ್ಲೇ ತೆವಳಿ ನಡುಗೆರೆಗೆ ಕೈ ಚಾಚಿದ. ಬೆರಳು ಗೆರೆ ಮುಟ್ಟಲಿಲ್ಲವೆಂದು ರೆಫ್ರಿ ಷಣ್ಮುಖಪ್ಪ ಸೀಟಿ ಊದಿದರು. ಅವರು ದೇವನೂರಿನ ಕಡೆಯ ಡ್ರಿಲ್ ಮೇಷ್ಟ್ರು. ದೇವನೂರು ಇರುವುದು ಕಡೂರು ತಾಲ್ಲೂಕಿನಲ್ಲಿ. ಅಷ್ಟು ಸಾಕಾಯಿತು.

"ಕಡೂರಿನೋನು ಕಡೂರಿಗೇ ಕೊಟ್ಟ ಕಣ್ರೋ!"

ಮೈಕ್‌ಸೆಟ್ಟಿನ ತಿಪ್ಪೇಶ ವೇದಿಕೆಯ ಮೂಲೆಯಲ್ಲಿ ನಿಂತಿದ್ದ. ಇಂಥದನ್ನು ತಡೆಯುವುದಕ್ಕೇ ಅವನು ಹಿಂದೆ ಸಂಬಳ ಪಡೆದಿದ್ದ. ದೋಹಾದಲ್ಲಿ ನಾಲ್ಕು ವರ್ಷ ಫುಟ್‌ಬಾಲ್ ಸ್ಟೇಡಿಯಮ್ಮಿನ ಗಾರ್ಡ್ ಆಗಿದ್ದ. ಬೆಳಿಗ್ಗೆ ಟೀ ಕುಡಿಯುತ್ತ ಷಣ್ಮುಖಪ್ಪ ಅದನ್ನೇ ಕೆದಕಿದ್ದರು.

"ಅಷ್ಟೊಂದು ದೇಶದೋರನ್ನ ನೋಡಿದೀಯಲ್ಲಪ್ಪಾ, ಹೊಡೆದಾಟದಲ್ಲಿ ಯಾರು ಮುಂದು? ಇಂಗ್ಲೆಂಡಿನೋರು ಕುಡಿದು ಬಡಿದಾಡ್ತಾರಂತೆ, ಅರ್ಜೆಂಟೀನಾದೋರು ಬೆಂಕಿ ಹಚ್ತಾರಂತೆ. ಜಪಾನಿನೋರು ಆಟ ಮುಗಿದ್ಮೇಲೆ ಕಸ ಎತ್ತಿಟ್ಟು ಹೋಗ್ತಾರಂತೆ?"

"ಕಸ ಎತ್ತೋದನ್ನ ನಾನೇ ನೋಡಿದೀನಿ ಸಾರ್. ಆದ್ರೆ ಟ್ರೈನಿಂಗಲ್ಲಿ ನಮಗೆ ಗಲಾಟೆ ವಿಡಿಯೊ ತೋರ್ಸೋರು. ಬಾವುಟ, ಮುಖ ಎಲ್ಲಾ ಮಸುಕು ಮಾಡಿ, ಸೌಂಡ್ ತೆಗ್ದು, ಇದು ಯಾವ ದೇಶ ಹೇಳಿ ಅನ್ನೋರು. ಹತ್ತು ವಿಡಿಯೊ ನೋಡಿದ್ವಿ. ಒಬ್ರಿಗೂ ಹೇಳಕ್ಕಾಗ್ಲಿಲ್ಲ."

"ನಮ್ಮ ಕಡೆ ಜನ ಹಂಗಲ್ಲ ಬಿಡು," ಎಂದು ಷಣ್ಮುಖಪ್ಪ ನಕ್ಕಿದ್ದರು.

ಈಗ ಅವರು ಕಾಣುತ್ತಲೇ ಇರಲಿಲ್ಲ. ಕಾಣುತ್ತಿದ್ದದ್ದು ಬರೀ ಬೆನ್ನುಗಳು, ಮೇಲೆದ್ದ ಕೈಗಳು. ಬಂದೋಬಸ್ತಿಗಿದ್ದ ಇಬ್ಬರು ಪೊಲೀಸರು ಗುಂಪಿನ ಹೊರಗೇ ಉಳಿದುಬಿಟ್ಟಿದ್ದರು. "ದಯವಿಟ್ಟು ಶಾಂತಿಯಿಂದ ಇರಿ," ಎಂದು ತಿಪ್ಪೇಶ ಮೈಕಿನಲ್ಲಿ ಕೂಗಿದ. ದೋಹಾದಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಅಲ್ಲೂ ಯಾರೂ ಕೇಳುತ್ತಿರಲಿಲ್ಲ.

ಗುಂಪು ಒಂದು ಕಡೆ ಸೀಳಿತು. ಷಣ್ಮುಖಪ್ಪ ಮಂಡಿಯೂರಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಒಬ್ಬ ಅವರ ಮೇಲೆ ಕಬ್ಬಿಣದ ಕುರ್ಚಿ ಎತ್ತಿದ್ದ. ಬೆನ್ನು ನೋಡಿಯೇ ತಿಪ್ಪೇಶನಿಗೆ ಗುರುತು ಸಿಕ್ಕಿತು. ದೋಹಾದ ಬೇಲಿಯಾಚೆ ಇದ್ದವರಲ್ಲಿ ಒಬ್ಬನ ಹೆಸರೂ ಅವನಿಗೆ ಗೊತ್ತಿರಲಿಲ್ಲ.

"ಲೇ ಸುದೀಪ! ಸ್ಟೇಷನ್ ರೋಡ್ ಮೆಕ್ಯಾನಿಕ್ ಸುದೀಪ! ನಿಮ್ಮವ್ವ ದ್ಯಾಮಮ್ಮ ಹೆಂಗಸರ ಸಾಲಲ್ಲಿ ನಿಂತ್ಕೊಂಡು ನಿನ್ನೇ ನೋಡ್ತಾವ್ರೆ ಕಣೋ!"

ನಾಲ್ಕೂ ಸ್ಪೀಕರುಗಳಲ್ಲಿ ಆ ಹೆಸರು ಮೊಳಗಿತು. ಎತ್ತಿದ ಕುರ್ಚಿ ಗಾಳಿಯಲ್ಲೇ ನಿಂತಿತು.

"ಮಹೇಂದ್ರ, ಕೈಲಿರೋ ಕಲ್ಲು ಕೆಳಗಾಕು. ಓಂಕಾರೇಶ, ಆ ಗೂಟ ಬಿಡೋ. ಹನುಮಂತಯ್ಯ, ನೀವೂನಾ? ಮೊಮ್ಮಗಳನ್ನ ಕರ್ಕೊಂಡು ಬಂದಿದ್ರಲ್ಲ, ಎಲ್ಲಿ ಆ ಕೂಸು?"

ಹೆಸರು ಕೇಳಿದವರು ಒಬ್ಬೊಬ್ಬರೇ ನಿದ್ದೆಯಿಂದ ಎದ್ದವರ ಹಾಗೆ ಸುತ್ತ ನೋಡಿದರು. ಹನುಮಂತಯ್ಯ ಮೊಮ್ಮಗಳನ್ನು ಹುಡುಕುತ್ತ ಓಡಿದರು. ತಿಪ್ಪೇಶ ಗೊತ್ತಿದ್ದ ಹೆಸರುಗಳನ್ನೆಲ್ಲ ಕೂಗಿದ. ಹೆಸರು ಗೊತ್ತಿಲ್ಲದವರು ಮಾತ್ರ ಹಿಂದಿನಿಂದ ಕಲ್ಲು ತೂರುತ್ತಲೇ ಇದ್ದರು. ಒಂದು ಕಲ್ಲು ಸುದೀಪನ ಕುರ್ಚಿಗೆ ಠಣ್ಣೆಂದು ಬಡಿಯಿತು, ಇನ್ನೊಂದು ಅವನ ಮೊಣಕೈಗೆ. ಅವನು ಕುರ್ಚಿ ಇಳಿಸಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಅದನ್ನು ಷಣ್ಮುಖಪ್ಪನವರ ತಲೆಗೆ ಮರೆಯಾಗಿ ಹಿಡಿದ. ಪೊಲೀಸ್ ಜೀಪು ಬರುವ ತನಕ ಹಾಗೆಯೇ ನಿಂತಿದ್ದ.

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಎಸ್‌ಐ ಮುಂದೆ ಎಂಟು ಹೆಸರುಗಳ ಪಟ್ಟಿ ಇತ್ತು. ಯಾರದೋ ಮೊಬೈಲ್ ವಿಡಿಯೊದಲ್ಲಿ ತಿಪ್ಪೇಶನ ದನಿ ಕೇಳಿಸಿಕೊಂಡೇ ಬರೆದದ್ದು.

"ಸಾರ್, ನಾನು ಹೆಸರಿಡಿದು ಕರೆದಿದ್ದು ನಿಲ್ಲಿಸ್ಲಿ ಅಂತ. ಅವ್ರು ನಿಲ್ಲಿಸಿದ್ರು. ಕೊನೇವರೆಗೂ ಕಲ್ಲು ಹೊಡೆದೋರು ಯಾರು ಅಂತ ನಂಗೊತ್ತಿಲ್ಲ."

"ಗೊತ್ತಿಲ್ದೋರ ಮೇಲೆ ನಾನು ಹೆಂಗಪ್ಪಾ ಕೇಸ್ ಹಾಕ್ಲಿ?"

ಬೆಂಚಿನ ಮೇಲೆ ಸುದೀಪ ಊದಿದ ಮೊಣಕೈ ಹಿಡಿದು ಕೂತಿದ್ದ. ಪಕ್ಕದಲ್ಲಿದ್ದ ದ್ಯಾಮಮ್ಮ ತಿಪ್ಪೇಶನ ಕಡೆ ತಿರುಗಿದರು. "ನಿನ್ನ ಮೈಕಿಗೆ ನನ್ನ ಮಗನ ಹೆಸರೇ ಬೇಕಾಗಿತ್ತೇನೋ?"



ಅಷ್ಟರಲ್ಲಿ ಷಣ್ಮುಖಪ್ಪ ಬಂದರು. ತರೀಕೆರೆಯ ಆಸ್ಪತ್ರೆಯಲ್ಲಿ ತಲೆಗೆ ಏಳು ಹೊಲಿಗೆ ಹಾಕಿ ಕಳಿಸಿದ್ದರು. ಹೇಳಿಕೆ ಬರೆಸಲು ಕೂತವರು ಮೊದಲು ಪಟ್ಟಿಯನ್ನು ಪೂರ್ತಿ ಓದಿದರು.

"ಈ ಎಂಟು ಜನದ ಮೇಲೆ ನಂದು ದೂರಿಲ್ಲ ಸಾರ್."

"ಏನ್ರೀ ಮೇಷ್ಟ್ರೇ, ಹೆದರಿಸಿದ್ರಾ ಯಾರಾದ್ರೂ?"

"ಇಲ್ಲ ಸಾರ್."

ಎಸ್‌ಐ ಮೊಬೈಲನ್ನು ಅವರ ಮುಂದೆ ತಳ್ಳಿದರು. ಪರದೆಯ ಮೇಲೆ ಒಂದು ಫೋಟೊ: ಕೆಳಗೆ ಮಂಡಿಯೂರಿದ ಷಣ್ಮುಖಪ್ಪ, ಮೇಲೆ ಎರಡು ಕೈಗಳಲ್ಲಿ ಎತ್ತಿದ ಕುರ್ಚಿ.

"ಸರಿಯಾಗಿ ನೋಡಿ ಹೇಳಿ. ಇವನು ಕುರ್ಚಿ ಎತ್ತಿದ್ದು ಹೊಡೆಯಕ್ಕೋ, ಕಾಪಾಡಕ್ಕೋ?"

ಷಣ್ಮುಖಪ್ಪ ಫೋಟೊವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಸುದೀಪನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ.

"ಎರಡಕ್ಕೂ ಸಾರ್," ಎಂದರು. "ನಡುವೆ ಯಾರೋ ಅವನ ಹೆಸರು ಕರೆದ್ರು."