ಕುಲಾವಿಯ ಅಳತೆ

"ಕೆಲಸವೇ ಸಿಕ್ಕಿಲ್ಲ, ಆಗಲೇ ಪರದೇಶದ ಪರ್ಮಿಟ್ಟಿಗೆ ಅರ್ಜಿ ಹಾಕ್ತಾಳಂತೆ! ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ಹೊಲಿಗೆ ಮಿಷನ್ ತುಳಿಯುತ್ತಲೇ ಅಮ್ಮ ಮೂದಲಿಸಿದಳು.

ಮೊಬೈಲಿನಲ್ಲಿ ಅರ್ಜಿಯ ಕೊನೆಯ ಗುಂಡಿಯ ಮೇಲೆ ಬೆರಳು ಹಿಡಿದಿದ್ದ ಮಗಳು ತಲೆ ಎತ್ತಿದಳು. ಗೇಟು, ಗ್ರಿಲ್ಲುಗಳಿಗೆ ವೆಲ್ಡಿಂಗ್ ಮಾಡಿ ಮಾಡಿ ಕಿಡಿ ಸಿಡಿದ ಕಲೆಗಳಿದ್ದ ಕೈ ಅದು. "ಅಲ್ಲಿಗೆ ಹೋಗಿ ಕೆಲಸ ಹುಡುಕೋದಕ್ಕೂ ಪರ್ಮಿಟ್ ಇದೆಯಮ್ಮ. ಅದಿರಲಿ, ನನ್ನ ಕುಲಾವಿ ನೀನು ಯಾವಾಗ ಹೊಲಿದಿದ್ದು?"

ಮಿಷನ್ ನಿಂತಿತು. "ನೀನಿನ್ನೂ ಹೊಟ್ಟೇಲಿದ್ದಾಗ. ನಿಮ್ಮಜ್ಜಿ ಬೈದರೂ ನಾನು ಕೇಳಲಿಲ್ಲ."

"ನಾನು ಹುಟ್ಟಿದೆ ತಾನೆ?" ಅಂದವಳೇ ಮಗಳು ಗುಂಡಿ ಒತ್ತಿಬಿಟ್ಟಳು.

ಅಮ್ಮ ಎದ್ದು ಬಂದು, ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಮಗಳ ತಲೆಗೆ ಸುತ್ತಿದಳು. "ಅಲ್ಲಾಡಬೇಡ ಸುಮ್ನಿರು. ಅಲ್ಲಿ ಚಳಿ ಜಾಸ್ತಿಯಂತೆ."